ಮೂಕಿ ಸೇರಿಸಿಯೋ, ಬಿಟ್ಟೋ?

ಮೂವತ್ನಾಲ್ಕು ವರ್ಷ ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದವನು ನಾನು. ನಿವೃತ್ತಿಯಾದರೂ ನೂರಡಿ ಟೇಪು ನನ್ನನ್ನು ಬಿಟ್ಟಿಲ್ಲ. ಮಿಶಿಗನ್‌ನಲ್ಲಿರುವ ಮಗಳ ಮನೆಗೆ ಹೊರಟಾಗ ನಮ್ಮ ಮನೆಯವಳು ಸೂಟ್‌ಕೇಸನ್ನು ತಕ್ಕಡಿಗೆ ತೂಗುಹಾಕಿ, ಉಪ್ಪಿನಕಾಯಿಗೆ ಜಾಗ ಸಾಲದೆಂದು ಕಂಡುಕೊಂಡು, ಟೇಪನ್ನು ಎತ್ತಿ ಮಂಚದ ಮೇಲಿಟ್ಟಳು. ನಾನು ಮಾತಾಡದೆ ಅದನ್ನು ಕೋಟಿನ ಜೇಬಿಗೆ ಇಳಿಸಿದೆ. ವಿಮಾನ ನಿಲ್ದಾಣದ ತಪಾಸಣೆಯ ಹುಡುಗ ಆ ಚರ್ಮದ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನ್ ಸಾರ್, ಅಮೆರಿಕ ಅಳೆದು ಬರ್ತೀರಾ?" ಎಂದು ನಕ್ಕು ಕಳಿಸಿಕೊಟ್ಟ. ಆ ಹುಡುಗನ ನಾಲಗೆಯಲ್ಲಿ ಮಚ್ಚೆ ಇದ್ದಿರಬೇಕು.

ನಾವು ಹೋಗಿ ಇಳಿದ ವಾರದಲ್ಲೇ ಅಳಿಯಂದಿರಿಗೆ ಕೆಲಸ ಬದಲಾಯಿತು. ಡೆಟ್ರಾಯಿಟ್ ಪಕ್ಕದ ಕಾರು ಕಂಪನಿಯಿಂದ ಸಿಯಾಟಲ್‌ಗೆ. ನನ್ನ ಲೆಕ್ಕದಲ್ಲಿ ಅದು ಟ್ರಾನ್ಸ್‌ಫರ್. ನಾನು ಅಂಥ ಒಂಬತ್ತು ಟ್ರಾನ್ಸ್‌ಫರ್ ಕಂಡವನು. ಅರಸೀಕೆರೆಯಿಂದ ಹೊಳೆನರಸೀಪುರ, ಅಲ್ಲಿಂದ ಸಕಲೇಶಪುರ, ಅಲ್ಲಿಂದ ತಿಪಟೂರು. ಬೆಳಿಗ್ಗೆ ಒಂದು ಲಾರಿ ಬರುವುದು, ಮಂಚ ಬೀರು ಒರಳುಕಲ್ಲು ಏರುವುದು, ತುಳಸಿ ಕುಂಡ ಹೆಂಡತಿಯ ತೊಡೆಯ ಮೇಲೆ, ಸಂಜೆಗೆ ಹೊಸ ಊರಿನಲ್ಲಿ ಹಾಲು ಉಕ್ಕಿಸುವುದು. ಲಾರಿ ಎಷ್ಟು ಉದ್ದ ಎಂದು ಯಾರೂ ಕೇಳಲಿಲ್ಲ. ಬೀರು ಹಿಂದಕ್ಕೆ ಚಾಚಿಕೊಂಡಿದ್ದರೆ ಕ್ಲೀನರ್ ಅದರ ತುದಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಿದ್ದ. ಅಲ್ಲಿಗೆ ಕಾನೂನು ಮುಗಿಯಿತು.

ಅಳಿಯಂದಿರ ಟ್ರಾನ್ಸ್‌ಫರ್ ಹಾಗಲ್ಲ. ಮನೆಯ ಸಾಮಾನಿಗೆ ಕಂಪನಿಯೇ ದೊಡ್ಡ ಲಾರಿ ಕೊಟ್ಟಿತು. ಆದರೆ ಅಂಗಳದಲ್ಲಿ ಇನ್ನೆರಡು ಪ್ರಾಣಿಗಳು ನಿಂತಿದ್ದವು. ಒಂದು ಗಾಡಿಮನೆ, ಒಂದು ದೋಣಿ.

ದೋಣಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅಲ್ಲಿನ ಐದು ಮಹಾಸರೋವರಗಳಲ್ಲಿ ನಾಲ್ಕು ಮಿಶಿಗನ್‌ಗೆ ಅಂಟಿಕೊಂಡಿವೆ. ಮಲೆನಾಡಿನಲ್ಲಿ ನಡೆದಾಡುವವನ ಕಾಲಿಗೆ ಜಿಗಣೆ ಹತ್ತುವಂತೆ ಅಲ್ಲಿ ಹತ್ತು ವರ್ಷ ಇದ್ದವನಿಗೆ ದೋಣಿ ಹತ್ತುತ್ತದೆ. ಮೀನು ತಿನ್ನದ, ಈಜು ಬಾರದ ನಮ್ಮ ಅಳಿಯಂದಿರಿಗೂ ಹದಿನಾರಡಿಯದೊಂದು ಹತ್ತಿತ್ತು. ಗಾಡಿಮನೆ ಕೊರೋನಾ ಕಾಲದ ಖರೀದಿ. ಒಳಗೆ ಅಡುಗೆಮನೆ, ಬಚ್ಚಲು, ಮಂಚ ಎಲ್ಲ ಇದೆ. ಮಂಚ ಮಾತ್ರ ಆರಡಿಗೆ ಎರಡಂಗುಲ ಕಮ್ಮಿ. ನಾನು ಐದಡಿ ಹನ್ನೊಂದು ಅಂಗುಲ. ನಮ್ಮ ಗಾದೆ ಮಾಡಿದವರು ಹಾಸಿಗೆ ಕೊಳ್ಳುವ ಮುಂಚೆ ಕಾಲು ಅಳೆಯಿರಿ ಎಂದಿದ್ದರೆ ವಾಸಿಯಿತ್ತು.

ಈ ಗಾಡಿಮನೆಗೆ ಅವರು ಫಿಫ್ತ್ ವೀಲ್ ಎನ್ನುತ್ತಾರೆ, ಐದನೇ ಚಕ್ರ. ನಾನು ಎರಡು ಸುತ್ತು ಬಂದು ಎಣಿಸಿದೆ. ನಾಲ್ಕೇ ಇತ್ತು. ಸ್ಟೆಪ್ನಿಯನ್ನು ಸೇರಿಸಿ ಹೇಳುತ್ತಾರೇನೋ ಅಂದುಕೊಂಡೆ. ಅಳಿಯಂದಿರು ಪಿಕಪ್ಪಿನ ಹಿಂಬದಿಯ ತೊಟ್ಟಿಯೊಳಗೆ ಬೆರಳು ತೋರಿಸಿದರು. ಅಲ್ಲಿ ಹಿಂದಿನ ಅಚ್ಚಿನ ನೇರಕ್ಕೆ ಒಂದು ಕಬ್ಬಿಣದ ತಟ್ಟೆ. ಹಿಂದಿನ ಕಾಲದ ನಾಲ್ಕು ಚಕ್ರದ ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಒಂದು ಮಲಗಿಸಿದ ಚಕ್ರ ಇರುತ್ತಿತ್ತಂತೆ. ಕುದುರೆ ಹೋಗಿ ಮೋಟಾರು ಬಂದರೂ ಆ ಹೆಸರು ಉಳಿದಿದೆ. ನಮ್ಮ ಎತ್ತಿನ ಗಾಡಿಗೆ ಎರಡೇ ಚಕ್ರ. ತಿರುಗುವ ಕೆಲಸವನ್ನು ನಾವು ಎತ್ತುಗಳಿಗೇ ಬಿಟ್ಟಿದ್ದರಿಂದ ಐದನೆಯದರ ತನಕ ಹೋಗುವ ಪ್ರಮೇಯ ಬರಲಿಲ್ಲ.

ಅಳಿಯಂದಿರ ಯೋಜನೆ ಸರಳವಾಗಿತ್ತು. ಮುಂದೆ ಪಿಕಪ್ಪು, ಅದಕ್ಕೆ ಗಾಡಿಮನೆ, ಗಾಡಿಮನೆಯ ಬಾಲಕ್ಕೆ ದೋಣಿಯ ಟ್ರೇಲರ್. ಮಿಶಿಗನ್‌ನಲ್ಲಿ ಇದಕ್ಕೆ ಅವಕಾಶ ಉಂಟು. ಫಿಫ್ತ್ ವೀಲಿನ ಹಿಂದೆ ಇನ್ನೊಂದು ಟ್ರೇಲರ್ ಕಟ್ಟಬಹುದು, ತಲೆಯಿಂದ ಬಾಲದವರೆಗೆ 75 ಅಡಿ ಮೀರಬಾರದು, ಓಡಿಸುವವನು ಬೇರೊಂದು ಪರೀಕ್ಷೆ ಬರೆದು ಲೈಸೆನ್ಸಿನ ಮೇಲೆ ‘ಆರ್’ ಎಂಬ ಅಕ್ಷರ ಹಾಕಿಸಿಕೊಂಡಿರಬೇಕು. ಅಳಿಯಂದಿರು ಹಾಕಿಸಿಕೊಂಡಿದ್ದರು. ಅಲ್ಲಿನ ಪಂಪ ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತಾ ಆ ಅಕ್ಷರವನ್ನು ನಾಲ್ಕು ಜನಕ್ಕೆ ತೋರಿಸಿದ್ದರಂತೆ. ಮಗಳು ಹೇಳಿದ್ದು.

ನನಗೆ ಇದರಲ್ಲಿ ಅಂಥ ವಿಶೇಷ ಕಾಣಲಿಲ್ಲ. ಹಿಂದೆ ಬೆಳಗಾವಿ ಕಡೆ ಆರು ತಿಂಗಳು ಡೆಪ್ಯುಟೇಶನ್ ಮೇಲಿದ್ದೆ. ಕಬ್ಬು ನುರಿಯುವ ಕಾಲ. ಒಂದು ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಎರಡರ ಮೇಲೂ ಟ್ರೇಲರಿಗಿಂತ ಎತ್ತರವಾಗಿ ಕಬ್ಬು, ತುದಿಗೆ ದೀಪವಿಲ್ಲ, ಸ್ಟೀರಿಂಗ್ ಹಿಡಿದ ಹುಡುಗನಿಗೆ ಮೀಸೆ ಬಂದಿಲ್ಲ, ಟೇಪ್‌ರೆಕಾರ್ಡರಿನಲ್ಲಿ ಮಾತ್ರ ಹಾಡು ಊರೆಲ್ಲ ಕೇಳುವಂತೆ. ಅವನ ಲೈಸೆನ್ಸಿನ ಮೇಲೆ ಎಷ್ಟು ಅಕ್ಷರ ಬರೆಯಬೇಕಾಗುತ್ತಿತ್ತೋ!

"ಒಟ್ಟು ಎಷ್ಟಡಿ ಆಗುತ್ತೆ ಅಳಿಯಂದ್ರೇ?" ಎಂದು ಕೇಳಿದೆ.

"ಅರವತ್ತರ ಹತ್ತಿರ ಇರಬಹುದು ಮಾವ."

ಇರಬಹುದು! ಮೂವತ್ನಾಲ್ಕು ವರ್ಷ ನಾನು ಕೇಳಿದ ಎಲ್ಲ ವ್ಯಾಜ್ಯಗಳೂ ಆ ‘ಇರಬಹುದು’ವಿನಿಂದಲೇ ಹುಟ್ಟಿದ್ದು. ಕೋಟಿನ ಜೇಬಿನಿಂದ ಟೇಪು ಹೊರಗೆ ಬಂತು. ಒಂಬತ್ತು ವರ್ಷದ ಮೊಮ್ಮಗಳನ್ನು ಚೈನ್‌ಮನ್ ಮಾಡಿಕೊಂಡೆ. "ತಾತಾ, ಜೀರೋ ನನ್ನ ಹತ್ರ ಇದೆ" ಎಂದು ಅವಳು ಕೂಗಿದ ರೀತಿ ನೋಡಿದರೆ ನನ್ನ ಕೈಕೆಳಗೆ ದುಡಿದ ಎಷ್ಟೋ ಚೈನ್‌ಮನ್‌ಗಳಿಗಿಂತ ಜವಾಬ್ದಾರಿಯುಳ್ಳವಳು.

ಗಾಡಿಮನೆ ಸರಿಯಾಗಿ 33 ಅಡಿ. ನನಗೆ ಮೈ ಝುಮ್ಮೆಂದಿತು. 33 ಅಡಿ ಎಂದರೆ ಒಂದು ಚೈನು, ಹದಿನಾರು ಆಣೆ. ಉದ್ದ ಒಂದು ಚೈನು ಅಗಲ ಒಂದು ಚೈನಾದರೆ ಒಂದು ಗುಂಟೆ, ಅಂಥ ನಲವತ್ತಾದರೆ ಎಕರೆ. ಗಾಡಿಮನೆಯ ಅಗಲ ಎಂಟೂವರೆ ಅಡಿ, ಹತ್ತಿರ ಹತ್ತಿರ ನಾಲ್ಕಾಣೆ. ಅಂದರೆ ನಮ್ಮ ಅಳಿಯಂದಿರು ಕಾಲು ಗುಂಟೆ ಜಮೀನನ್ನು ಚಕ್ರದ ಮೇಲೆ ಕೂರಿಸಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಎಳೆದುಕೊಂಡು ಹೋಗುವವರಿದ್ದರು. ಕಾಲು ಗುಂಟೆಗಾಗಿ ಅಣ್ಣತಮ್ಮಂದಿರು ಹದಿನೆಂಟು ವರ್ಷ ಕೋರ್ಟಿಗೆ ಅಲೆದದ್ದನ್ನು ಕಂಡಿದ್ದೇನೆ. ಆ ಜಮೀನಿಗೆ ಚಕ್ರ ಇದ್ದಿದ್ದರೆ ರಾತ್ರೋರಾತ್ರಿ ಒಬ್ಬ ಎಳೆದುಕೊಂಡು ಹೋಗಿ ವ್ಯಾಜ್ಯ ಬಗೆಹರಿಯುತ್ತಿತ್ತು.

ಪಿಕಪ್ಪು 20 ಅಡಿ 10 ಅಂಗುಲ. ಆದರೆ ಗಾಡಿಮನೆಯ ಕತ್ತು ಪಿಕಪ್ಪಿನ ತೊಟ್ಟಿಯ ಮೇಲೆ ಏಳಡಿ ಚಾಚಿ ಕೂರುತ್ತದೆ. ಆ ಏಳಡಿ ಇಬ್ಬರದೂ ಹೌದು, ಆದ್ದರಿಂದ ಒಂದೇ ಸಲ ಎಣಿಸಬೇಕು. ಅಕ್ಕಪಕ್ಕದ ಎರಡು ಸರ್ವೆ ನಂಬರಿನವರು ಒಂದೇ ಬದುವನ್ನು ತಮ್ಮ ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರೆ ಗ್ರಾಮದ ವಿಸ್ತೀರ್ಣ ಹೆಚ್ಚಿದಂತೆ ಕಾಣುತ್ತದೆಯೇ ಹೊರತು ಭೂಮಿ ಹೆಚ್ಚುವುದಿಲ್ಲ.

ಇನ್ನು ದೋಣಿ. ಹದಿನಾರಡಿ ಎಂದಿದ್ದರಲ್ಲ, ಅದು ದೋಣಿಯ ಒಡಲು ಮಾತ್ರ. ಹಿಂದುಗಡೆ ಮೋಟಾರು ನೇತಾಡುತ್ತದೆ. ಮುಂದುಗಡೆ ದೋಣಿ ಹೊತ್ತ ಟ್ರೇಲರಿನ ಕಬ್ಬಿಣದ ತೊಲೆಯೊಂದು ಚಾಚಿಕೊಂಡು, ಮುಂದಿನ ಗಾಡಿಯ ಗುಂಡನ್ನು ಕಚ್ಚುತ್ತದೆ. ಅದಕ್ಕೆ ಅವರ ಹೆಸರು ‘ಟಂಗ್’, ನಾಲಗೆ. ಗಾಡಿಯ ಅದೇ ಅಂಗಕ್ಕೆ ನಮ್ಮ ಕಡೆ ಮೂಕಿ ಎನ್ನುತ್ತೇವೆ. ಅವರ ಕಣ್ಣಿಗೆ ಮಾತಾಡುವ ನಾಲಗೆಯಂತೆ ಕಂಡದ್ದು ನಮ್ಮವರ ಬಾಯಲ್ಲಿ ಮೂಕಿ. ಭಾಷಾಶಾಸ್ತ್ರದವರು ಇದನ್ನು ಒಪ್ಪದಿರಬಹುದು, ನಾನು ಎರಡು ದಿನ ನಕ್ಕಿದ್ದಂತೂ ನಿಜ. ಮೂಕಿಯಿಂದ ಮೋಟಾರಿನ ತನಕ ಹಿಡಿದರೆ ಹದಿನಾರಡಿಯ ದೋಣಿ 20 ಅಡಿ 3 ಅಂಗುಲ.

ಒಟ್ಟು 67 ಅಡಿ 1 ಅಂಗುಲ. ಟಿಪ್ಪಣಿ ಬರೆದು, ನಕ್ಷೆ ಗೀಚಿ, ಉತ್ತರ ದಿಕ್ಕು ಗುರುತು ಮಾಡಿ ಅಳಿಯಂದಿರ ಕೈಗೆ ಕೊಟ್ಟೆ. ಗಾಡಿಗೆ ಉತ್ತರ ದಿಕ್ಕು ಯಾಕೆ ಮಾವ ಎಂದರು. ಅಭ್ಯಾಸ ಅಂದೆ.

ಆ ರಾತ್ರಿ ಊಟದ ಮೇಜಿನ ಮೇಲೆ ಕಾನೂನು ಹರಡಿಕೊಂಡಿತು. ನಾನು ಅಮೆರಿಕವನ್ನು ಒಂದು ದೇಶ ಅಂದುಕೊಂಡಿದ್ದೆ. ರಸ್ತೆಯ ಮಟ್ಟಿಗೆ ಅದು ಐವತ್ತು ಪಾಳೇಪಟ್ಟು. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಇಂಥ ಜೋಡುಗಾಡಿ 65 ಅಡಿ ದಾಟಬಾರದು. ಅಂದರೆ ಮಿಶಿಗನ್‌ನಲ್ಲಿ ಏಳಡಿ ಹನ್ನೊಂದಂಗುಲ ಉಳಿತಾಯದಲ್ಲಿದ್ದ ನಮ್ಮ ಮೆರವಣಿಗೆ ಅಲ್ಲಿಗೆ ಹೋದರೆ ಎರಡಡಿ ಒಂದಂಗುಲ ಒತ್ತುವರಿ. ಬೇರೆ ಕಡೆ ಒಂದೊಂದು ಸಂಖ್ಯೆ. ಕೆಲವು ರಾಜ್ಯ ಎರಡು ಟ್ರೇಲರ್ ಕಟ್ಟಲು ಬಿಡುತ್ತದೆ, ಕೆಲವು ಸುತರಾಂ ಬಿಡುವುದಿಲ್ಲ. ನಿಮ್ಮ ಲೈಸೆನ್ಸು, ನಿಮ್ಮ ನಂಬರ್ ಪ್ಲೇಟು ಎಲ್ಲ ರಾಜ್ಯದಲ್ಲೂ ನಡೆಯುತ್ತದೆ. ನಿಮ್ಮ ಉದ್ದ ಮಾತ್ರ ನಡೆಯುವುದಿಲ್ಲ. ಅದು ಚಕ್ರ ಯಾವ ನೆಲದ ಮೇಲಿದೆಯೋ ಆ ನೆಲದ ಮಾತು ಕೇಳಬೇಕು. ಹಾಗಾಗಿ ಎಂಟು ರಾಜ್ಯ ದಾಟುವವನಿಗೆ ದಾರಿಯಲ್ಲಿನ ಅತಿ ಗಿಡ್ಡ ಕಾನೂನೇ ದಾರಿಗೆಲ್ಲ ಕಾನೂನು.

ನಮ್ಮಲ್ಲಿ ಇದರ ತಾಪತ್ರಯ ಬೇರೆ ರೂಪದಲ್ಲಿದೆ. ಕಾರನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಹಾಕಿಸಬೇಕು, ಹಳೆಯ ಕಚೇರಿಯಿಂದ ಎನ್‌ಒಸಿ ತರಬೇಕು. ಪುಣೆಯಿಂದ ಬೆಂಗಳೂರಿಗೆ ಬಂದ ನನ್ನ ತಮ್ಮನ ಮಗ ಆ ಕಾಗದದ ಹಿಂದೆ ಸವೆಸಿದ ಚಪ್ಪಲಿಯ ಲೆಕ್ಕ ಇಟ್ಟಿದ್ದಾನೆ. ಆದರೆ ಅವನ ಕಾರು ಬೆಳಗಾವಿ ಗಡಿ ದಾಟಿದ ಕೂಡಲೇ ಉದ್ದವಾಯಿತು ಎಂದು ಯಾರೂ ಹೇಳಲಿಲ್ಲ.

ಇದರಲ್ಲಿ ನನಗೆ ಎಲ್ಲಕ್ಕಿಂತ ರುಚಿಸಿದ್ದು ದೊಡ್ಡ ಲಾರಿಗಳ ಕಾನೂನು. ಅಲ್ಲಿನ ಕೇಂದ್ರ ಸರ್ಕಾರ 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳಿಗೆ ಭಾರಿ ದುಡ್ಡು ಕೊಡಲು ಹೊರಟಾಗ ಲಾರಿಗಳ ತೂಕಕ್ಕೆ, ಅಗಲಕ್ಕೆ ಮಿತಿ ಹಾಕಿತು. ಉದ್ದದ ಗೋಜಿಗೆ ಹೋಗಲಿಲ್ಲ. ರಾಜ್ಯಗಳು ತಮಗೆ ತೋಚಿದ ಗೆರೆ ಎಳೆದುಕೊಂಡವು. ಒಂದು ರಾಜ್ಯದಲ್ಲಿ ಸರಿಯಿದ್ದ ಲಾರಿ ಪಕ್ಕದ ರಾಜ್ಯದ ಗಡಿಯಲ್ಲಿ ಅಪರಾಧಿ. ಕಡೆಗೆ 1982ರಲ್ಲಿ ಕೇಂದ್ರ ಒಂದು ಕಾಯ್ದೆ ತಂದಿತು. ಅದರ ಜಾಣತನ ನೋಡಿ: ಇಷ್ಟಕ್ಕಿಂತ ಉದ್ದದ ಲಾರಿ ಬರಕೂಡದು ಎಂದು ಅದು ಹೇಳಲಿಲ್ಲ. ರಾಷ್ಟ್ರೀಯ ಜಾಲದ ರಸ್ತೆಗಳಲ್ಲಿ ಲಾರಿಯ ಹಿಂದಿನ ಟ್ರೇಲರಿಗೆ 48 ಅಡಿಗಿಂತ ಕಮ್ಮಿ ಮಿತಿಯನ್ನು ಯಾವ ರಾಜ್ಯವೂ ಹಾಕಕೂಡದು ಎಂದಿತು. ಅಳತೆಯ ಮಿತಿ ಗಾಡಿಗಲ್ಲ, ರಾಜ್ಯಕ್ಕೆ! ಮೂವತ್ನಾಲ್ಕು ವರ್ಷದಲ್ಲಿ ರೈತನನ್ನು ಅಳೆದಿದ್ದೇನೆ, ಸಾಹುಕಾರನನ್ನು ಅಳೆದಿದ್ದೇನೆ, ತಹಶೀಲ್ದಾರರ ಮಾವನವರ ತೋಟವನ್ನೂ ಅಳೆದಿದ್ದೇನೆ. ಸರ್ಕಾರವನ್ನೇ ಟೇಪು ಹಿಡಿದು ಅಳೆಯುವ ಭಾಗ್ಯ ನನಗೆ ಬರಲಿಲ್ಲ. ಅಗಲ ಆಗಲೇ ಹೆಚ್ಚುಕಡಿಮೆ ದೇಶಕ್ಕೆಲ್ಲ 102 ಅಂಗುಲ ಆಯಿತು, ಅದೇ ನಮ್ಮ ಎಂಟೂವರೆ ಅಡಿ. ಈಗ ರಸ್ತೆಯಲ್ಲಿ ಓಡಾಡುವ ಲಾರಿ ಪೆಟ್ಟಿಗೆಗಳಲ್ಲಿ ಬಹುಪಾಲು 53 ಅಡಿಯವು.

ಅದೇ ಕಾಯ್ದೆಯಲ್ಲಿ ಇನ್ನೊಂದು ಕೊಂಡಿ ಉಂಟು. 1982ರ ಡಿಸೆಂಬರ್ 1ರಂದು ಯಾವ ರಾಜ್ಯದಲ್ಲಿ ಎಷ್ಟುದ್ದದ ಟ್ರೇಲರ್ ನ್ಯಾಯವಾಗಿ ಓಡುತ್ತಿತ್ತೋ ಅದನ್ನು ಆ ರಾಜ್ಯ ಮುಂದೆಯೂ ಓಡಲು ಬಿಡಬೇಕು. ಹಾಗಾಗಿ ಟೆಕ್ಸಸ್‌ಗೆ 59 ಅಡಿ, ಅರಿಜೋನಕ್ಕೆ 57 ಅಡಿ 6 ಅಂಗುಲ, ಮಿಶಿಗನ್‌ಗೂ ವಾಷಿಂಗ್ಟನ್‌ಗೂ ಬರೀ 48. ಇದಕ್ಕೆ ಅವರ ವಕೀಲರ ಭಾಷೆಯಲ್ಲಿ ‘ಗ್ರ್ಯಾಂಡ್‌ಫಾದರ್’ ಹಕ್ಕು ಎಂದು ಹೆಸರು. ಅಳಿಯಂದಿರು ಓದಿ ಹೇಳುತ್ತಿದ್ದಂತೆ ನನಗೆ ಅರ್ಥವಾಗಿಹೋಯಿತು, ಅವರಿಗೇ ಅರ್ಥವಾಗಿರಲಿಲ್ಲ. "ಇದು ಅನುಭವದ ಹಕ್ಕು ಅಳಿಯಂದ್ರೇ. ಅಜ್ಜನ ಕಾಲದಿಂದ ಉಳುತ್ತಿದ್ದೇನೆ, ಕಾಗದ ಕೇಳಬೇಡಿ ಅನ್ನೋದು. ನಮ್ಮ ಬಗರ್‌ಹುಕುಂ ಅರ್ಜಿಯಲ್ಲೆಲ್ಲ ಇದೇ ಇರುತ್ತೆ."

ಆದರೆ ಈ ಕೇಂದ್ರದ ಕೃಪೆ ಸರಕು ಲಾರಿಗೆ. ಮನೆಮಂದಿ ಎಳೆಯುವ ಗಾಡಿಮನೆ, ದೋಣಿಗಳನ್ನು ಅದು ಆಯಾ ರಾಜ್ಯದ ಕೈಗೇ ಬಿಟ್ಟಿದೆ. ವಾಷಿಂಗ್ಟನ್ ರಾಜ್ಯದ ಕಾನೂನು ತೆಗೆದು ನೋಡಿದರೆ, ಸರಕು ಲಾರಿಗಳ ಕೆಲವು ಜೋಡಣೆಗಳನ್ನು ಬಿಟ್ಟರೆ ಎರಡಕ್ಕಿಂತ ಹೆಚ್ಚು ವಾಹನಗಳನ್ನು ಒಂದಕ್ಕೊಂದು ಕಟ್ಟಿ ಓಡಿಸುವುದು ನಿಷಿದ್ಧ. ಪಿಕಪ್ಪು ಒಂದು, ಗಾಡಿಮನೆ ಎರಡು. ದೋಣಿ ಮೂರು. ನಾನು ಅಂಗುಲ ಬಿಡದೆ ಅಳೆದದ್ದೆಲ್ಲ ನೀರಿಗೆ ಹೋಯಿತು. ಅವರು ಉದ್ದ ಕೇಳಲೇ ಇಲ್ಲ, ತಲೆ ಎಣಿಸಿ ಬಿಟ್ಟರು.

ಅಳಿಯಂದಿರು ತಲೆಯ ಮೇಲೆ ಕೈ ಹೊತ್ತು ಕೂತರು. ಲೈಸೆನ್ಸನ್ನು ಪರ್ಸಿನಿಂದ ತೆಗೆದು ‘ಆರ್’ ಅಕ್ಷರವನ್ನು ನೋಡಿಕೊಂಡರು. ದೋಣಿ ಮಾರಿಬಿಡೋಣ ಎಂದಳು ಮಗಳು, ತುಸು ಹೆಚ್ಚೇ ಉತ್ಸಾಹದಿಂದ. ನನ್ನ ವೃತ್ತಿಯಲ್ಲಿ ಇಂಥ ಗಳಿಗೆಗೆ ಮದ್ದು ಒಂದೇ. "ಪೋಡಿ ಮಾಡಿ" ಎಂದೆ. ಒಂದೇ ಪಹಣಿಯಲ್ಲಿ ಹೊಂದಿಕೊಳ್ಳದ ದಾಯಾದಿಗಳನ್ನು ಬೇರೆ ಬೇರೆ ಹಿಸ್ಸಾ ಮಾಡಿ ಕಳಿಸುವುದು. ಪಿಕಪ್ಪು, ಗಾಡಿಮನೆ, ಅಳಿಯ, ಅತ್ತೆ, ಮೊಮ್ಮಗಳು ಒಂದು ಹಿಸ್ಸಾ. ಮಗಳ ಕಾರು, ದೋಣಿ, ನಾನು ಇನ್ನೊಂದು. ಗಾಡಿಮನೆಯ ಜೋಡಿ 46 ಅಡಿ 10 ಅಂಗುಲಕ್ಕೆ ಇಳಿಯಿತು. ಯಾವ ರಾಜ್ಯದವನೂ ಕೆಮ್ಮುವಂತಿಲ್ಲ. ನಮ್ಮ ಮನೆಯವಳಿಗೆ ಗಾಡಿಮನೆಯ ಪಕ್ಷ ಬಂದದ್ದು ಉಪ್ಪಿನಕಾಯಿಯ ದೆಸೆಯಿಂದ. ಭರಣಿ ಅಲ್ಲಿನ ಫ್ರಿಜ್ಜಿನಲ್ಲಿತ್ತು.

ಹೊರಡುವ ಮುನ್ನ ಇನ್ನೊಂದು ವಿಧಿ. ಸ್ಪಾಂಜಿ ಮಾತ್ ಎಂಬ ಪತಂಗ ಹಬ್ಬಿರುವ ಪ್ರದೇಶದಿಂದ ಹಬ್ಬದ ಪ್ರದೇಶಕ್ಕೆ ಮನೆ ಬದಲಾಯಿಸುವವರು ಹೊರಗಿಟ್ಟ ಸಾಮಾನನ್ನೆಲ್ಲ ಪರೀಕ್ಷಿಸಿ, ಮೊಟ್ಟೆ ಕಂಡರೆ ಕೆರೆದು, ಪಟ್ಟಿ ಭರ್ತಿ ಮಾಡಿ ಸಹಿ ಹಾಕಿ ಗಾಡಿಯಲ್ಲಿ ಇಟ್ಟುಕೊಳ್ಳಬೇಕು. ಇದು ಕೇಂದ್ರದ್ದೇ ಕಾನೂನು, ನಾವಿದ್ದ ಜಾಗ ಹಬ್ಬಿದ ಪ್ರದೇಶ. ಈ ಪತಂಗವನ್ನು ಅಲ್ಲಿಗೆ ತಂದವನು ಟ್ರೂವೆಲೊ ಎಂಬ ಫ್ರೆಂಚ್ ಮನುಷ್ಯ. 1860ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ಮೆಡ್‌ಫರ್ಡ್‌ನಲ್ಲಿ ರೇಷ್ಮೆಯ ಹುಳು ಸಾಕುವ ಪ್ರಯೋಗದಲ್ಲಿದ್ದ, ಇವು ಕೈತಪ್ಪಿ ಹೋದವು. ಆತ ಆಮೇಲೆ ಹುಳುಗಳ ಸಹವಾಸ ಬಿಟ್ಟು ಹಾರ್ವರ್ಡ್ ವೀಕ್ಷಣಾಲಯ ಸೇರಿ ಗ್ರಹ ನಕ್ಷತ್ರಗಳ ಸೊಗಸಾದ ಚಿತ್ರ ಬರೆದ. ಕೆಳಗೆ ಮಾಡಿದ ಎಡವಟ್ಟು ಕಣ್ಣಿಗೆ ಬೀಳದಿರಲೆಂದು ಮೇಲೆ ನೋಡುತ್ತಾ ಕೂತನೇನೋ. ಆತ ನಮ್ಮ ರಾಮನಗರದ ರೇಷ್ಮೆಯವರನ್ನು ಕೇಳಿದ್ದರೆ ಯಾವ ಹುಳು ಸಾಕಬೇಕು ಎಂದು ಹೇಳುತ್ತಿದ್ದರು.

ನಾನು ಟಾರ್ಚು ಹಿಡಿದು ಗಾಡಿಮನೆಯ ಹೊಟ್ಟೆಯಡಿ ತೆವಳಿ ಮಹಜರು ನಡೆಸಿದೆ. ಒಂದು ಅಚ್ಚಿನ ಹಿಂದೆ ಹೆಬ್ಬೆರಳಗಲ, ಒಣಹುಲ್ಲಿನ ಬಣ್ಣದ, ನವಿರುಗೂದಲಿನ ಮಚ್ಚೆಯೊಂದು ಸಿಕ್ಕಿತು. ಹಳೆಯ ಚಾಕುವಿನಿಂದ ಕೆರೆದು ಸೋಪಿನ ನೀರಿಗೆ ಹಾಕಿದೆ. ಮೊಮ್ಮಗಳು ಪಂಚಳಾಗಿ ಸಹಿ ಹಾಕಿದಳು. ಅವಳ ಸಹಿಗೆ ಕಾನೂನಿನಲ್ಲಿ ಬೆಲೆ ಇಲ್ಲವೆಂದು ಅಳಿಯಂದಿರು ಕೆಳಗೆ ತಮ್ಮದೂ ಗೀಚಿದರು.

ಎರಡು ಸಾವಿರದ ಮುನ್ನೂರು ಮೈಲಿಯ ಹತ್ತಿರದ ದಾರಿ. ಮೊದಲ ಮೂರು ದಿನದ ಬಗ್ಗೆ ಹೇಳುವುದೇನೂ ಇಲ್ಲ. ಜೋಳ, ಜೋಳದ ಆಚೆ ಜೋಳ. ಉತ್ತರ ಡಕೋಟದಲ್ಲಿ ರಸ್ತೆ ಎಷ್ಟು ನೇರ ಎಂದರೆ ಕ್ರಾಸ್ ಸ್ಟಾಫ್ ಇಟ್ಟು ಎಳೆದದ್ದೇ ಇರಬೇಕು.

ಮೊಂಟಾನದಲ್ಲಿ ನಮ್ಮ ಹಿಸ್ಸಾ ಸಿಕ್ಕಿಬಿತ್ತು. ಅಲ್ಲಿ ದೋಣಿ ಎಳೆದು ತರುವವರೆಲ್ಲ ತಪಾಸಣಾ ಠಾಣೆಯಲ್ಲಿ ನಿಲ್ಲಿಸಲೇಬೇಕು. ಹೊಟ್ಟೆಯಡಿ ಅಂಟಿಕೊಂಡು ಬರುವ ಜೀಬ್ರಾ ಚಿಪ್ಪಿನ ಹುಳು ತಮ್ಮ ಕೆರೆಗಳಿಗೆ ಬರಬಾರದೆಂದು. ಕಾಲೇಜು ಹುಡುಗಿಯಂತಿದ್ದ ತನಿಖಾಧಿಕಾರಿ ನಗುನಗುತ್ತಾ, ಈ ದೋಣಿ ಕೊನೆಗೆ ಯಾವ ನೀರಿನಲ್ಲಿತ್ತು ಎಂದಳು. ಲೇಕ್ ಸೇಂಟ್ ಕ್ಲೇರ್ ಎಂದಳು ನನ್ನ ಮಗಳು. ನಗು ನಿಂತಿತು. ಆ ಚಿಪ್ಪು ಅಮೆರಿಕ ಖಂಡದಲ್ಲಿ ಮೊಟ್ಟಮೊದಲು ಪತ್ತೆಯಾದದ್ದೇ 1988ರಲ್ಲಿ, ಅದೇ ಸೇಂಟ್ ಕ್ಲೇರ್ ಸರೋವರದಲ್ಲಿ! ಪೊಲೀಸರು ಊರು ಕೇಳಿದಾಗ ಹೆಸರಾಂತ ಕಳ್ಳರ ಊರನ್ನೇ ಹೇಳಿದ ಹಾಗಾಯಿತು. ಮುಕ್ಕಾಲು ಗಂಟೆ ಕನ್ನಡಿ, ದೀಪ, ಬೆರಳು. ಮೋಟಾರಿನ ಸಂದಿ, ತಳದ ಬಿರಡೆ, ಮೀನು ಹಾಕುವ ತೊಟ್ಟಿ. ಆ ತೊಟ್ಟಿಯಲ್ಲಿ ಮೀನಿನ ಕುರುಹೇ ಇಲ್ಲದ್ದು ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಕಡೆಗೆ ಚೀಟಿ ಕೊಟ್ಟಳು. ಐಡಾಹೋದಲ್ಲಿ ಮತ್ತೆ ನಿಲ್ಲಿಸಿ ಮತ್ತೆ ನೋಡಿದರು. ಮನುಷ್ಯರಾದ ನಮ್ಮನ್ನು ದಾರಿಯುದ್ದಕ್ಕೂ ಒಬ್ಬರೂ ಏನೂ ಕೇಳಲಿಲ್ಲ.

ನಡುವೆ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನ ನೋಡುವ ಆಸೆ. ಅಲ್ಲಿ 1933ರಲ್ಲಿ ತೆರೆದ ‘ಗೋಯಿಂಗ್ ಟು ದಿ ಸನ್’ ಎಂಬ ಬೆಟ್ಟದ ರಸ್ತೆ ಇದೆ, ಸೂರ್ಯನ ಕಡೆಗೆ ಹೋಗುವ ದಾರಿ. ಆಗುಂಬೆ ಘಾಟಿಯನ್ನು ಹಿಮದಲ್ಲಿ ಅದ್ದಿ ಉದ್ದಕ್ಕೆ ಎಳೆದರೆ ಹೇಗಿರುತ್ತದೋ ಹಾಗೆ. ಅದರ ಎತ್ತರದ ಭಾಗಕ್ಕೆ 21 ಅಡಿಗಿಂತ ಉದ್ದದ, ಎಂಟಡಿಗಿಂತ ಅಗಲದ ವಾಹನ ಹೋಗುವಂತಿಲ್ಲ. ಉದ್ದದಲ್ಲಿ ಬಂಪರು ಸೇರಿ, ಅಗಲದಲ್ಲಿ ಪಕ್ಕದ ಕನ್ನಡಿ ಸೇರಿ. ಓದಿ ನನಗೆ ಕಣ್ಣಲ್ಲಿ ನೀರು ಬಂತು. ಎಲ್ಲಿಂದ ಎಲ್ಲಿಗೆ ಎಂದು ಬಿಡಿಸಿ ಬರೆದ ಕಾನೂನು! ನಮ್ಮಲ್ಲಿ ಹೂವಾಡಗಿತ್ತಿಯ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ಜಗಳವಾಗುವುದು ಮೊಣಕೈ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಯಾರೂ ಬರೆದಿಡದೆ ಹೋದದ್ದರಿಂದ.

ಗಾಡಿಮನೆಯನ್ನೂ ದೋಣಿಯನ್ನೂ ಕ್ಯಾಂಪಿನಲ್ಲಿ ಬಿಟ್ಟು ಬರೀ ಪಿಕಪ್ಪು ತೆಗೆದೆವು. 20 ಅಡಿ 10 ಅಂಗುಲ ಎಂದು ನನ್ನ ಟಿಪ್ಪಣಿಯಲ್ಲಿತ್ತು, ಎರಡಂಗುಲ ಮಿಗುತ್ತದೆ. ಹೊರಡುವಾಗ ನೋಡುತ್ತೇನೆ, ಹಿಂದುಗಡೆ ಟ್ರೇಲರ್ ಕಟ್ಟುವ ಕಬ್ಬಿಣದ ಗುಂಡು ಒಂಬತ್ತಂಗುಲ ಹೊರಗೆ ಚಾಚಿದೆ. ಅಳಿಯಂದಿರು ಯಾರು ನೋಡುತ್ತಾರೆ ಬಿಡಿ ಮಾವ ಎಂದರು. ಯಾರು ನೋಡುತ್ತಾರೆ ಅಂದವರ ಬಾಂದುಕಲ್ಲುಗಳನ್ನು ಎಷ್ಟು ಕಿತ್ತು ನೆಟ್ಟಿದ್ದೇನೆ ನಾನು! ಪಿನ್ನು ತೆಗೆಸಿ, ಗುಂಡು ಬಿಚ್ಚಿಸಿ ಸೀಟಿನ ಕೆಳಗೆ ಇಡಿಸಿದೆ. ಗಾಡಿಮನೆ ಎಳೆಯಲೆಂದು ಹೊರಕ್ಕೆ ಎಳೆದಿದ್ದ ಉದ್ದುದ್ದ ಕನ್ನಡಿಗಳನ್ನು ಒಳಕ್ಕೆ ತಳ್ಳಿದ್ದಾಯಿತು. ಅಲ್ಲಿ ಯಾರೂ ಅಳೆಯಲಿಲ್ಲ, ನಿಜ. ಒಂದು ಬಂಡೆಯ ತಿರುವಿನಲ್ಲಿ ಮಾತ್ರ ಎದುರಿನಿಂದ ಆ ಉದ್ಯಾನದ ಹಳೆಯ ಕೆಂಪು ಬಸ್ಸು ಬಂದಾಗ, ನಮ್ಮ ಮನೆಯವಳು ಹಿಂದಿನ ಸೀಟಿನಿಂದ, "ರೀ, ಇನ್ನೂ ಏನಾದ್ರೂ ಬಿಚ್ಚೋದಿದ್ರೆ ಬಿಚ್ಚಿ" ಎಂದಳು.

ಹೊಸ ಊರಿನಲ್ಲಿ ಹಾಲು ಉಕ್ಕಿಸಿದ್ದಾಯಿತು. ಮೂವತ್ತು ದಿನದೊಳಗೆ ವಾಹನಗಳಿಗೆಲ್ಲ ವಾಷಿಂಗ್ಟನ್ ನಂಬರು, ಅಳಿಯನಿಗೆ ಮಗಳಿಗೆ ವಾಷಿಂಗ್ಟನ್ ಲೈಸೆನ್ಸು. ಮಿಶಿಗನ್‌ನಲ್ಲಿ ಟ್ರೇಲರಿಗೆ ಒಂದೇ ಸಲ ದುಡ್ಡು ಕಟ್ಟಿದರೆ ಕಾಯಂ ಪ್ಲೇಟು, ನಮ್ಮ ಕರ್ನಾಟಕದ ಕಾರುಗಳ ಆಜೀವ ತೆರಿಗೆಯ ಹಾಗೆ. ವಾಷಿಂಗ್ಟನ್‌ನಲ್ಲಿ ವರ್ಷ ವರ್ಷ ಕಟ್ಟಬೇಕು. ಅಳಿಯಂದಿರು ಮಿಶಿಗನ್ ಪ್ಲೇಟನ್ನು ಬಿಚ್ಚಿ ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ಹಾಕಿದರು. ‘ಆರ್’ ಅಕ್ಷರದ ಹಳೆಯ ಲೈಸೆನ್ಸನ್ನು ಕಚೇರಿಯವರು ತೂತು ಹೊಡೆದು ಕೊಟ್ಟರು. ತೂತು ಆ ಅಕ್ಷರದ ಮೇಲೆ ಬೀಳಲಿಲ್ಲ ಎಂಬುದು ಅವರ ಸಮಾಧಾನ.

ಎಂಟು ರಾಜ್ಯಗಳ ಕಾನೂನು ಗೆದ್ದು ಬಂದ ಗಾಡಿಮನೆಯನ್ನು ಒಂಬತ್ತನೆಯವರು ಹಿಡಿದರು. ಬಡಾವಣೆಯ ಮನೆ ಮಾಲೀಕರ ಸಂಘ. ಮೂರನೆಯ ದಿನ ಬಾಗಿಲಿಗೆ ಅಂದವಾದ ಒಂದು ಪತ್ರ. ಹೊಸಬರಿಗೆ ಸ್ವಾಗತ, ಮನೆಯ ಮುಂದೆ ಗಾಡಿಮನೆ, ದೋಣಿ ನಿಲ್ಲಿಸುವಂತಿಲ್ಲ. ಅವರು ಅಡಿ ಅಂಗುಲದ ಮಾತೇ ಎತ್ತಿರಲಿಲ್ಲ. ಅವರ ಮಿತಿ ಸೊನ್ನೆ.

ಊರಾಚೆ ಇಂಥವನ್ನು ಬಾಡಿಗೆಗೆ ನಿಲ್ಲಿಸುವ ಒಂದು ಬಯಲು ಸಿಕ್ಕಿತು. ಬಾಡಿಗೆ ಉದ್ದದ ಮೇಲೆ. 20 ಅಡಿಯ ಜಾಗಕ್ಕೊಂದು ದರ, 25ಕ್ಕೊಂದು, 35ಕ್ಕೊಂದು. ಕೌಂಟರಿನ ಹಿಂದೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ಅಜ್ಜಿ. ಗಾಡಿಮನೆ 33 ಎಂದೆವು, 35ರಲ್ಲಿ ಬರೆದುಕೊಂಡರು. ದೋಣಿ?

"ಇಪ್ಪತ್ತು" ಎಂದರು ಅಳಿಯಂದಿರು.

ನನ್ನ ಟಿಪ್ಪಣಿ ಪುಸ್ತಕ ಜೇಬಿನಲ್ಲಿ ಮಿಸುಕಿತು. 20 ಅಡಿ 3 ಅಂಗುಲ. ಮೂರಂಗುಲಕ್ಕೆ ತಿಂಗಳಿಗೆ ಇಪ್ಪತ್ತೈದು ಅಡಿಯ ಬಾಡಿಗೆ. ಹೇಳಿದರೆ ಅಳಿಯನಿಗೆ ನಷ್ಟ, ಹೇಳದಿದ್ದರೆ ಮೂವತ್ನಾಲ್ಕು ವರ್ಷ ನಷ್ಟ. ನಾನು ಕೆಮ್ಮಿದೆ. ಅಜ್ಜಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬಾಯಿ ತೆರೆಯುವುದರೊಳಗೆ ಅವರೇ ಕೇಳಿದರು, ಮೂಕಿ ಸೇರಿಸಿ ಹೇಳುತ್ತಿದ್ದೀರೋ ಬಿಟ್ಟು ಹೇಳುತ್ತಿದ್ದೀರೋ ಎಂದು. ಇಂಗ್ಲಿಷಿನಲ್ಲೇ ಕೇಳಿದ್ದು. ಆದರೂ ಆ ದೇಶದಲ್ಲಿ ನನ್ನ ಭಾಷೆ ಮಾತಾಡಿದವರು ಅವರೊಬ್ಬರೇ ಎನ್ನಿಸಿತು.

"ಮೂಕಿ ಮಡಚಿ" ಎಂದರು ಅಳಿಯಂದಿರು.

ಹೊರಗೆ ಹೋಗಿ ದೋಣಿಯ ಟ್ರೇಲರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಪಿನ್ನು ಎಳೆದರು. ಆ ಕಬ್ಬಿಣದ ತೊಲೆ ಬಾಗಿಲಿನ ರೆಕ್ಕೆಯ ಹಾಗೆ ಪಕ್ಕಕ್ಕೆ ತಿರುಗಿ ಟ್ರೇಲರಿಗೆ ಒತ್ತಿಕೊಂಡು ನಿಂತಿತು. ಗ್ಯಾರೇಜಿಗೆ ಹಿಡಿಸಲೆಂದು ಹಾಗೇ ಮಾಡಿರುತ್ತಾರಂತೆ. ಆರು ವಾರ ಜೊತೆಗಿದ್ದು, ಎರಡು ಸಾವಿರ ಮೈಲಿ ಅದರ ಮುಂದೆಯೇ ಕೂತು ಬಂದು, ಅದಕ್ಕೊಂದು ಕೀಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮೊಮ್ಮಗಳು ಜೀರೋ ಹಿಡಿದುಕೊಂಡಳು. ಟಿಪ್ಪಣಿ ತೆಗೆದು ಹಳೆಯ ಅಂಕಿಯ ಕೆಳಗೆ ಬರೆದುಕೊಂಡೆ: ಮೂಕಿ ಬಿಚ್ಚಿ 20 ಅಡಿ 3 ಅಂಗುಲ, ಮಡಚಿ 18 ಅಡಿ 1 ಅಂಗುಲ. ಉತ್ತರ ದಿಕ್ಕು ಗುರುತು ಮಾಡಿದೆ. ಅಜ್ಜಿ ಕಿಟಕಿಯಿಂದ ಬಗ್ಗಿ ನೋಡಿ, ಆ ಟೇಪು ಎಲ್ಲಿ ಸಿಗುತ್ತದೆ ಎಂದು ಕೇಳಿದರು.